ಉರಿಗಾಂ ಲೈನು, ಒಂದು ಸ್ಕ್ರಿಪ್ಟು

ಕತೆ, ಕವಿತೆ, ಆತ್ಮಕಥೆಗಳನ್ನು ಓದುವುದಷ್ಟೇ ದಲಿತ ವಿಮರ್ಶೆ ಎಂದುಕೊಂಡಿರುವವರೆಗೂ ನಮ್ಮನ್ನು ಕುರಿತು ಬರೆದ ದೊಡ್ಡ ಪಠ್ಯಗಳು ಓದಿಸಿಕೊಳ್ಳದೆ ಉಳಿಯುತ್ತವೆ. ಜನಗಣತಿ ಅಂಥದ್ದೊಂದು ಪಠ್ಯ. ಅದನ್ನೀಗ ನಮಗಿಂತ ಮೊದಲು ಕಂಪ್ಯೂಟರ್ ಓದುತ್ತದೆ. ನಾನಿಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ನನ್ನ ವಿದ್ಯಾರ್ಥಿಯೊಬ್ಬ ಬರೆದ ಅರವತ್ತು ಸಾಲಿನ ಸ್ಕ್ರಿಪ್ಟನ್ನು.

ನಾನು ಉರಿಗಾಮಿನ ಲೈನ್ ಮನೆಯಲ್ಲಿ ಬೆಳೆದವನು. ತಾತ, ಅಪ್ಪ ಇಬ್ಬರೂ ಗಣಿಗೆ ಇಳಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ನನಗೆ ಮೂರು ವರ್ಷ. ಜನಗಣತಿಯ ವಾರ್ಡ್ ಪಟ್ಟಿಯಲ್ಲಿ ಉರಿಗಾಂ ಅನ್ನೋ ಹೆಸರು ಹುಡುಕಬೇಡಿ. ಅಲ್ಲಿ ಊರಿಗೆ ರಾಬರ್ಟ್‌ಸನ್‌ಪೇಟೆ ಎಂದು ಹೆಸರು, ನಮಗೆ ಬರೀ ನಂಬರು.

ಹುಡುಗ ಮಾಡಿದ್ದು ಇಷ್ಟು. 2011ರ ಜನಗಣತಿಯ ವಾರ್ಡುವಾರು ಅಂಕಿಗಳು ಒಂದು ಕಡೆ. ಕಾಗದದ ನಕ್ಷೆ ಮುಂದಿಟ್ಟುಕೊಂಡು ಅವನೇ ಗೆರೆ ಎಳೆದ ವಾರ್ಡ್ ಗಡಿಗಳು ಇನ್ನೊಂದು ಕಡೆ. ಸ್ಕ್ರಿಪ್ಟು ಓಡಿಸಿದರೆ ಪೋಸ್ಟ್‌ಗ್ರೆಸ್‌ನಲ್ಲಿ ಡೇಟಾಬೇಸ್ ಹುಟ್ಟುತ್ತದೆ, ನಕ್ಷೆಯ ಲೆಕ್ಕ ಬಲ್ಲ ಪೋಸ್ಟ್‌ಜಿಐಎಸ್ ಅದಕ್ಕೆ ಸೇರುತ್ತದೆ, ವಾರ್ಡಿನ ಕೋಡ್ ಹಿಡಿದು ಗಡಿಯೂ ಅಂಕಿಯೂ ಜೋಡಿಯಾಗುತ್ತವೆ. ಎರಡು ದಿನದ ಕೆಲಸ ಎರಡು ನಿಮಿಷಕ್ಕೆ ಮುಗೀತು. 'ಸಾರ್, ನಮ್ಮೂರು ನೋಡಿ' ಅಂದ. ನೋಡಿದರೆ ಒಂಬತ್ತು ವಾರ್ಡುಗಳ ಜಾಗ ಬಿಳಿ.

ಅಂಕಿಗಳ ಕಡತವನ್ನು ಅವನು ಒಮ್ಮೆ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದ್ದ. ಎಕ್ಸೆಲ್ ಮುಂದಿನ ಸೊನ್ನೆಗಳನ್ನು ನುಂಗಿತು, 0012 ಬರೀ 12 ಆಯಿತು. ಅದನ್ನು ಸರಿಪಡಿಸಲು ಎಲ್ಲಕ್ಕೂ ಎರಡೆರಡು ಸೊನ್ನೆ ಅಂಟಿಸಿದ. 12 ನೆಟ್ಟಗಾಯಿತು, 7 ಮಾತ್ರ 007 ಆಗಿ ಜೋಡಿ ಸಿಗದೆ ಉದುರಿತು. ಸ್ಕ್ರಿಪ್ಟು ತಕರಾರು ಮಾಡಲಿಲ್ಲ. ಅವನು ಬಳಸಿದ್ದು ಇನ್ನರ್ ಜಾಯಿನ್. ಜೊತೆ ಸಿಗದ ಸಾಲನ್ನು ಸದ್ದಿಲ್ಲದೆ ಹೊರಗೆ ಹಾಕುವುದೇ ಅದರ ಕೆಲಸ. ಲೆಫ್ಟ್ ಜಾಯಿನ್ ಬರೆದಿದ್ದರೆ ಆ ವಾರ್ಡುಗಳು ಖಾಲಿಯಾಗಿಯಾದರೂ ನಕ್ಷೆಯಲ್ಲಿ ನಿಂತಿರುತ್ತಿದ್ದವು, ಎಷ್ಟು ತಪ್ಪಿದವು ಎಂದು ಎಣಿಸಬಹುದಿತ್ತು. ಊರ ಹೊರಗಿಡುವುದನ್ನು ಕಂಡವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

ಇದು ಯಂತ್ರದ ದ್ವೇಷದ ಮಾತಲ್ಲ. ಕೈಯಲ್ಲಿ ಬಣ್ಣ ತುಂಬಿದವನು ಎಲ್ಲಿ ತಪ್ಪಿದ ಎಂದು ತಿಳಿಯುವುದಿಲ್ಲ. ಸ್ಕ್ರಿಪ್ಟಿನ ತಪ್ಪು ಇಂಥದೇ ಸಾಲಿನಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. ತೋರಿಸಿದೆ, ತಿದ್ದಿದ.

ತಿದ್ದಲಾಗದ್ದು ಪರಿಶಿಷ್ಟ ಜಾತಿಯ ಕಾಲಮ್ಮು. ಅದು ಹುಟ್ಟಿದ್ದು 1950ರ ರಾಷ್ಟ್ರಪತಿ ಆದೇಶದಿಂದ. ಮೊದಲು ಹಿಂದೂಗಳಿಗಷ್ಟೇ ಅದರಲ್ಲಿ ಜಾಗ. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಅಯೋತಿದಾಸ ಪಂಡಿತರ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ನಡೆದದ್ದು ಕಳೆದ ಶತಮಾನದ ಆರಂಭದಲ್ಲಿ! ಕ್ರೈಸ್ತ ದಲಿತರು ಈಗಲೂ ಹೊರಗೆ. ನಮ್ಮ ಲೈನಿನಲ್ಲಿ ಒಂದೇ ಗೋಡೆ, ಒಂದೇ ನಲ್ಲಿ, ಒಂದೇ ಜಾತಿ. ಗೋಡೆಯಾಚೆಯ ಚಿತ್ತಪ್ಪ ಚರ್ಚಿಗೆ ಹೋಗುತ್ತಾರೆ, ಆದ್ದರಿಂದ ನಕ್ಷೆಯಲ್ಲಿ ಅವರು ದಲಿತರಲ್ಲ. ವಾರ್ಡಿನ ಮಟ್ಟದ ಆ ಅಂಕಿಗಳಲ್ಲಿ ಧರ್ಮವೇ ಇಲ್ಲ, ಎಲ್ಲ ಪರಿಶಿಷ್ಟ ಜಾತಿಗಳೂ ಕೂಡಿ ಒಂದೇ ಸಂಖ್ಯೆ. ಎಂಥ ಜಾಯಿನ್ ಬರೆದರೂ ಚಿತ್ತಪ್ಪ ವಾಪಸು ಬರುವುದಿಲ್ಲ. ಆದರೆ ಚರಂಡಿಗೋ ನೀರಿಗೋ 2013ರ ಉಪಯೋಜನೆ ಕಾಯ್ದೆ ಹಿಡಿದು ವಾದಿಸಲು ಹೋದರೆ ನಮ್ಮ ಕೈಯಲ್ಲಿರುವ ಸಾಕ್ಷಿ ಇದೇ ಸಂಖ್ಯೆ.

ಮುಂದಿನ ಜನಗಣತಿಯಲ್ಲಿ ಎಲ್ಲರ ಜಾತಿಯನ್ನೂ ಕೇಳುವುದಾಗಿ ಕೇಂದ್ರ ಸರ್ಕಾರ 2025ರಲ್ಲಿ ತೀರ್ಮಾನಿಸಿತು. ಆಗ ಸ್ಕ್ರಿಪ್ಟನ್ನು ಮತ್ತೆ ಬರೆಯಬೇಕು, ಹೇಗೂ ಕೆಜಿಎಫ್ ಈಗ ಬಂಗಾರಪೇಟೆಯಿಂದ ಬೇರೆ ತಾಲ್ಲೂಕು, ಹಳೆಯ ಕೋಡು ಹೊಂದುವುದಿಲ್ಲ. ಜಾತಿಗೊಂದು, ಧರ್ಮಕ್ಕೊಂದು ಕಾಲಮ್ಮಿಟ್ಟು ನಮ್ಮ ಲೈನನ್ನು ನಾವೇ ಮನೆಮನೆಗೆ ಹೋಗಿ ಬರೆದುಕೊಳ್ಳೋಣ ಎಂದು ಹುಡುಗರ ಜೊತೆ ಹೊರಟೆ. ಮೊದಲ ಮನೆ ನಮ್ಮದೇ. ಪಾಟಿ ಪೆನ್ನು ಹಿಡಿದ ನನ್ನ ಕೈ ಹಿಡಕೊಂಡು ತಮಿಳಿನಲ್ಲಿ ಅಂದಳು: 'ಬರೀಬೇಡ ಕಣ್ಣು. ನಾನು ಜಪಮಾಲೆ ಹಿಡಿಯೋದು ಕಾಗದದ ಮೇಲೆ ಬಂದ್ರೆ ನಿನ್ ತಂಗಿ ಸರ್ಟಿಫಿಕೇಟು ಏನಾಗುತ್ತೆ?'

ಆ ಸಾಲನ್ನು ಖಾಲಿ ಬಿಟ್ಟು ಪಕ್ಕದ ಮನೆಗೆ ಹೋದೆವು.