ಬೈಕು ಮೇಲೋ, ಕಾರು ಮೇಲೋ? – ಒಂದು ಪಟ್ಟಿಯ ವಿಮರ್ಶೆ

ಭಾಗಮಂಡಲದಿಂದ ತಲಕಾವೇರಿಗೆ ನೀವು ಒಮ್ಮೆ ಹೋಗಿದ್ದರೂ ಆ ರಸ್ತೆ ನಿಮಗೆ ನೆನಪಿರುತ್ತದೆ. ಕಾವೇರಿ, ಕನ್ನಿಕೆ, ಸುಜ್ಯೋತಿಗಳ ಸಂಗಮದ ಬಳಿಯಿಂದ ಹೊರಟು ಸುಮಾರು 8 ಕಿ.ಮೀ. ದೂರದಲ್ಲಿ ಮುನ್ನೂರೈವತ್ತು ಮೀಟರಿಗಿಂತ ಹೆಚ್ಚು ಏರಬೇಕು. ತಲಕಾವೇರಿ ಇರುವುದು ಸಮುದ್ರಮಟ್ಟದಿಂದ 1276 ಮೀಟರ್ ಎತ್ತರದಲ್ಲಿ. ಸರಾಸರಿ ಲೆಕ್ಕಕ್ಕೆ ಪ್ರತಿ 20 ಮೀಟರಿಗೆ ಒಂದು ಮೀಟರ್ ಏರು. ತಿರುವುಗಳಲ್ಲಿ ಇನ್ನೂ ಕಡಿದು. ವರ್ಷಕ್ಕೆ 5000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಊರಿದು. ಮರಗಳ ನೆರಳು ಬೀಳುವೆಡೆ ಡಾಂಬರಿನ ಅಂಚಿನಲ್ಲಿ ಪಾಚಿ ಕಟ್ಟಿರುತ್ತದೆ.

ಈ ಸುತ್ತಿನ ಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನಕ್ಕೆ ಕೆಲವು ವರ್ಷಗಳ ಹಿಂದೆ ತೀರ್ಪುಗಾರನಾಗಿ ಹೋಗಿದ್ದೆ. ಅಲ್ಲಿ ಹುಡುಗನೊಬ್ಬ ದೊಡ್ಡ ರಟ್ಟಿನ ಮೇಲೆ ಪಟ್ಟಿ ಬರೆದು ನಿಂತಿದ್ದ. ಒಂದು ಬದಿಗೆ ಅವನ ಅಣ್ಣನ ಯಮಹಾ ಆರ್‌ಎಕ್ಸ್ 100, ಇನ್ನೊಂದು ಬದಿಗೆ ಚಿಕ್ಕಪ್ಪನ ಮಾರುತಿ 800. ಎರಡೂ ಈಗ ತಯಾರಾಗುತ್ತಿಲ್ಲ. ಮೊದಲನೆಯದು 1985ರಿಂದ 1996ರವರೆಗೆ, ಎರಡನೆಯದು 1983ರಿಂದ 2014ರವರೆಗೆ ಬಂದವು. ಅಶ್ವಶಕ್ತಿ, ತೂಕ, ಇವೆರಡರ ಭಾಗಲಬ್ಧ ಎಲ್ಲವನ್ನೂ ಹುಡುಗ ಚೊಕ್ಕವಾಗಿ ಬರೆದಿದ್ದ. ಕೊನೆಗೆ ಕೆಂಪು ಶಾಯಿಯಲ್ಲಿ ತೀರ್ಪು: ‘ಬೈಕು ಎರಡು ಪಟ್ಟು ಮೇಲು.’ ನಾವು ಅವನಿಗೆ ಎರಡನೆಯ ಬಹುಮಾನ ಕೊಟ್ಟೆವು. ಆ ಹಾಳೆಗೆ ನನ್ನ ಸಹಿಯೂ ಬಿತ್ತು. ಈ ಲೇಖನದಲ್ಲಿ ವಿಮರ್ಶೆಗೆ ಗುರಿಯಾಗಿರುವುದು ಹುಡುಗನ ಪಟ್ಟಿಯಷ್ಟೇ ಅಲ್ಲ, ಅದಕ್ಕೆ ಹಾಕಿದ ನನ್ನ ಸಹಿ ಕೂಡ.

ಲೆಕ್ಕವನ್ನು ನೀವೇ ಮಾಡಿ ನೋಡಿ. ಬೈಕಿನ ಎಂಜಿನ್ 11 ಅಶ್ವಶಕ್ತಿ, ಅಂದರೆ ಸುಮಾರು 8.2 ಕಿಲೋವಾಟ್, ಅದರ ರಾಶಿ ಸುಮಾರು 100 ಕಿ.ಗ್ರಾಂ. ಹೀಗೆ ಪ್ರತಿ ಕಿಲೋಗ್ರಾಮಿಗೆ 82 ವಾಟ್. ಕಾರಿನದು 37 ಅಶ್ವಶಕ್ತಿ, ಅಂದರೆ 27.6 ಕಿಲೋವಾಟ್, ರಾಶಿ ಸುಮಾರು 650 ಕಿ.ಗ್ರಾಂ. ಪ್ರತಿ ಕಿಲೋಗ್ರಾಮಿಗೆ 42 ವಾಟ್. ಎರಡು ಪಟ್ಟು ಸರಿಯೇ. ಆದರೆ ಬೈಕು ತಾನಾಗಿಯೇ ತಲಕಾವೇರಿಗೆ ಹೋಗುವುದಿಲ್ಲವಲ್ಲ! 70 ಕಿ.ಗ್ರಾಂ ತೂಗುವ ಸವಾರನನ್ನು ಕೂರಿಸಿ. ಬೈಕಿನ 82 ಒಮ್ಮೆಲೇ 48ಕ್ಕೆ ಇಳಿಯುತ್ತದೆ. ಕಾರಿನ 42 ಇಳಿಯುವುದು 38ಕ್ಕೆ ಮಾತ್ರ. ಬೈಕಿನಲ್ಲಿ ಇಬ್ಬರು, ಕಾರಿನಲ್ಲಿ ನಾಲ್ವರು ಎಂದಿಟ್ಟುಕೊಂಡರೆ 34 ಮತ್ತು 30. ಎರಡು ಪಟ್ಟಿನ ಅಂತರ ಎಲ್ಲಿ ಹೋಯಿತು? ಹಗುರ ವಾಹನಕ್ಕೆ ಸವಾರನೇ ದೊಡ್ಡ ಹೊರೆ. ಮಾರಾಟದ ಕರಪತ್ರದಲ್ಲಿ ಸವಾರ ಇರುವುದಿಲ್ಲ, ಕರಪತ್ರದಿಂದ ಪಟ್ಟಿ ಇಳಿಸಿಕೊಂಡ ಹುಡುಗನಿಗೂ ಅವನು ಕಾಣಲಿಲ್ಲ. ತೀರ್ಪುಗಾರರಾದ ನಮಗಾದರೂ ಕಾಣಬೇಕಿತ್ತು.

ಹಾಗೆಂದು ಬೈಕಿನ ಚುರುಕು ಸುಳ್ಳಲ್ಲ. ನಿಂತಲ್ಲಿಂದ ಹೊರಡುವಾಗ 48 ಎಂಬುದು 38ಕ್ಕಿಂತ ಹೆಚ್ಚೇ. ಗಾಳಿಯ ತಡೆ ಮೇಲುಗೈ ಪಡೆಯುವವರೆಗೆ ಬೈಕೇ ಮುಂದು. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳನ್ನು ಓಡಿಸಿದವರಿಗೆ ಈ ಮಾತನ್ನು ಲೆಕ್ಕ ಹಾಕಿ ತೋರಿಸಬೇಕಿಲ್ಲ. ನಾನೂ ಅವರಲ್ಲೊಬ್ಬ.

ವೇಗ ಏರಿದಂತೆ ಚಿತ್ರ ಬದಲಾಗುತ್ತದೆ. ಗಾಳಿಯನ್ನು ಸೀಳಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ನೇರವಾಗಿ ಕುಳಿತ ಸವಾರನ ಆಕಾರ ಗಾಳಿಗೆ ಒಗ್ಗುವಂಥದಲ್ಲ. ಸವಾರನ ಮೈ, ಹ್ಯಾಂಡಲ್, ದೀಪ ಎಲ್ಲ ಸೇರಿ ಗಾಳಿಗೆ ಒಡ್ಡುವ ಪರಿಣಾಮಕಾರಿ ಕ್ಷೇತ್ರಫಲ ಸುಮಾರು 0.55 ಚದರ ಮೀಟರ್ ಎಂದಿಟ್ಟುಕೊಳ್ಳಿ. ಕಾರಿನದು 0.7 ಇರಲಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಳಿಗಾಗಿಯೇ ಬೈಕಿಗೆ 7 ಕಿಲೋವಾಟ್, ಕಾರಿಗೆ 9 ಕಿಲೋವಾಟ್ ಬೇಕು. ಬೈಕಿನ ಬಳಿ ಇರುವುದೇ 8.2, ಅದರಲ್ಲೂ ಚೈನು, ಗೇರುಗಳಿಗೆ ಸ್ವಲ್ಪ ಹೋಗುತ್ತದೆ. ಅಲ್ಲಿಗೆ ಅದರ ಕಥೆ ಮುಗಿಯಿತು. ಕಾರಿನ ಬಳಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತದೆ. 2005ರಲ್ಲಿ ಬಂದ ಬುಗಾಟಿ ವೇರಾನ್ ಕಾರು ಗಂಟೆಗೆ 400 ಕಿ.ಮೀ. ಮೀರಿದ್ದಕ್ಕೂ ಮೂಲ ಕಾರಣ ಇದೇ. ಬಹಳ ದೊಡ್ಡ ಎಂಜಿನ್ ಹೊರಲು ಕಾರಿನಲ್ಲಿ ಜಾಗವಿದೆ. ಆದರೆ ಗಾಳಿಗೆ ಒಡ್ಡುವ ಮೈ ಅದೇ ಪ್ರಮಾಣದಲ್ಲಿ ದೊಡ್ಡದಾಗುವುದಿಲ್ಲ. ಈ ಚರ್ಚೆಗೆ ತಲಕಾವೇರಿ ರಸ್ತೆಯಲ್ಲಿ ಬೆಲೆಯಿಲ್ಲವೆನ್ನಿ. ಅಲ್ಲಿ ಗಂಟೆಗೆ 100 ಕಿ.ಮೀ. ಹೋಗುವವನಿಗೆ ಭೌತವಿಜ್ಞಾನದ ಪಾಠ ಫಲಿಸದು.

ಎತ್ತರದ ಮಾತೂ ಒಂದಿದೆ. 1276 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಶೇ. 12ರಷ್ಟು ಕಡಿಮೆ. ಎಂಜಿನ್ ಉಸಿರಾಡುವ ಆಮ್ಲಜನಕವೂ ಅಷ್ಟೇ ಕಡಿಮೆಯಾಗಿ ಸಾಮರ್ಥ್ಯ ಕುಗ್ಗುತ್ತದೆ. ಇದು ಕಾರಿಗೂ ಬೈಕಿಗೂ ಸಮನಾಗಿ ತಟ್ಟುವುದರಿಂದ ಹೋಲಿಕೆಯಲ್ಲಿ ಹೊಡೆದುಹೋಗುತ್ತದೆ. ವಿದ್ಯುತ್ ಮೋಟಾರಿಗೆ ಉಸಿರಾಟದ ಗೊಡವೆಯಿಲ್ಲ. ಈಗ ಬೆಂಗಳೂರಿನಿಂದ ಬರುವ ಬ್ಯಾಟರಿ ಸ್ಕೂಟರುಗಳನ್ನು ಪಟ್ಟಿಗೆ ಸೇರಿಸುವವರು ಇದನ್ನು ಮರೆಯಬಾರದು.

ಇನ್ನು ತಿರುವು. ‘ಬೈಕು ಹಗುರ, ಆದ್ದರಿಂದ ತಿರುವಿನಲ್ಲಿ ವೇಗವಾಗಿ ಹೋಗಬಲ್ಲದು’ ಎಂದು ಪಟ್ಟಿಯ ಕೆಳಗೆ ಷರಾ ಇತ್ತು. ಈ ತಪ್ಪನ್ನು ನಮ್ಮ ಪದವಿ ತರಗತಿಯವರೂ ಮಾಡುತ್ತಾರೆ. ತಿರುವಿಗೆ ಬೇಕಾದ ಕೇಂದ್ರಾಭಿಮುಖ ಬಲವನ್ನು ಒದಗಿಸುವುದು ಟಯರು–ರಸ್ತೆಗಳ ನಡುವಿನ ಘರ್ಷಣೆ. ಎರಡೂ ಬಲಗಳು ರಾಶಿಗೆ ಅನುಪಾತದಲ್ಲಿರುವುದರಿಂದ ಸಮೀಕರಣದಲ್ಲಿ ರಾಶಿ ಹೊಡೆದುಹೋಗುತ್ತದೆ. 12 ಮೀಟರ್ ತ್ರಿಜ್ಯದ ಹೇರ್‌ಪಿನ್ ತಿರುವಿನಲ್ಲಿ, ಘರ್ಷಣಾ ಗುಣಾಂಕ 0.8 ಇರುವ ಒಣ ರಸ್ತೆಯಲ್ಲಿ ಗರಿಷ್ಠ ವೇಗ ಗಂಟೆಗೆ ಸುಮಾರು 35 ಕಿ.ಮೀ. ಕಾರಿಗೂ ಅಷ್ಟೇ, ಬೈಕಿಗೂ ಅಷ್ಟೇ. ಆ ವೇಗದಲ್ಲಿ ಬೈಕು ಸುಮಾರು 39 ಡಿಗ್ರಿ ವಾಲಬೇಕಾಗುತ್ತದೆ. ಮಳೆಗೆ ಗುಣಾಂಕ 0.4ಕ್ಕೆ ಇಳಿದರೆ ವೇಗದ ಮಿತಿ ಗಂಟೆಗೆ 25 ಕಿ.ಮೀ. ಬೈಕು ಸಪೂರವಾದ್ದರಿಂದ ತನ್ನ ಪಾಲಿನ ರಸ್ತೆಯೊಳಗೆ ತುಸು ದೊಡ್ಡ ವೃತ್ತ ಬರೆಯಬಲ್ಲದು, ನಿಜ. ಆದರೆ ಮಿತಿ ದಾಟಿದಾಗ ಆಗುವುದೇನು? ಕಾರು ಜಾರಿದರೂ ಸಾಮಾನ್ಯವಾಗಿ ನಾಲ್ಕು ಚಕ್ರಗಳ ಮೇಲೇ ನಿಂತಿರುತ್ತದೆ, ಬೈಕು ಮಲಗುತ್ತದೆ. ಪಾಚಿಯ ತೇಪೆಯೊಂದರ ಮೇಲೆ ಒಂದು ಟಯರು ಹಾದರೆ ಕಾರಿಗೆ ಉಳಿದ ಮೂರಿವೆ. ಹೋಲಿಕೆಯ ಪಟ್ಟಿಗಳಲ್ಲಿ ಈ ‘ತಪ್ಪಿಗೆ ಎಷ್ಟು ಅವಕಾಶ’ ಎಂಬ ಅಂಕಣವನ್ನು ನಾನು ಈವರೆಗೆ ಕಂಡಿಲ್ಲ.

ಪಟ್ಟಿಯ ಅತಿ ದೊಡ್ಡ ಕೊರತೆ ಇನ್ನೂ ಬೇರೆ. ನಿಲ್ಲುವ ದೂರದ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಅದೇ ಮಳೆಗಾಲದಲ್ಲಿ ಆ ಹುಡುಗನ ಅಣ್ಣ ತಲಕಾವೇರಿಯಿಂದ ಇಳಿಯುವಾಗ ತಿರುವೊಂದರಲ್ಲಿ, ನಿಂತಿದ್ದ ಜೀಪಿಗೆ ಗುದ್ದಿ ಬಿದ್ದ. ಕೊರಳೆಲುಬು ಮುರಿದಿತ್ತು. ವಿಷಯ ತಿಳಿದು ನೋಡಲು ಹೋದಾಗ ಅವನು ಹೇಳಿದ್ದು ಇಷ್ಟು: “ಹಿಂದಿನ ಬ್ರೇಕ್ ಪೂರ್ತಿ ಒತ್ತಿದ್ದೆ ಸಾರ್, ನಿಲ್ಲಲೇ ಇಲ್ಲ.” ಮುಂದಿನ ಬ್ರೇಕು? “ಇಳಿಜಾರಿನಲ್ಲಿ ಅದನ್ನು ಮುಟ್ಟಬಾರದು ಅಂತಾರಲ್ಲ ಸಾರ್, ಪಲ್ಟಿ ಹೊಡೀತದೆ.”

ಹೀಗೆ ಅನ್ನುವವರು ನಮ್ಮಲ್ಲಿ ಬಹಳ ಮಂದಿ. ಲೆಕ್ಕ ಹಾಕೋಣ. ಬೈಕಿನ ಎರಡು ಚಕ್ರಗಳ ನಡುವಿನ ಅಂತರ 1.25 ಮೀಟರ್, ಸವಾರನೂ ಸೇರಿದಂತೆ ಗುರುತ್ವ ಕೇಂದ್ರ ಮುಂದಿನ ಚಕ್ರದಿಂದ 0.65 ಮೀಟರ್ ಹಿಂದೆ, ನೆಲದಿಂದ 0.65 ಮೀಟರ್ ಎತ್ತರದಲ್ಲಿದೆ ಎನ್ನಿ. ಬ್ರೇಕ್ ಹಾಕಿದೊಡನೆ ಜಡತ್ವದಿಂದಾಗಿ ಭಾರ ಮುಂದಿನ ಚಕ್ರದತ್ತ ವಾಲುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ಘರ್ಷಣೆಯೂ ಕಡಿಮೆ. ಗುಣಾಂಕ 0.8 ಇದ್ದರೂ ಹಿಂದಿನ ಬ್ರೇಕಿನಿಂದ ಮಾತ್ರ ದೊರೆಯುವ ವೇಗಕುಂದು ಗುರುತ್ವ ವೇಗೋತ್ಕರ್ಷದ 0.29 ಭಾಗ. ಎರಡೂ ಬ್ರೇಕುಗಳನ್ನು ಸರಿಯಾಗಿ ಬಳಸಿದರೆ 0.8 ಭಾಗ. ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದಾಗ ಎರಡೂ ಬ್ರೇಕಿನಿಂದ 8 ಮೀಟರಿನಲ್ಲಿ ನಿಲ್ಲಬಹುದಾದ ಬೈಕು ಹಿಂದಿನದರಿಂದ ಮಾತ್ರ ನಿಲ್ಲಲು 21 ಮೀಟರ್ ತೆಗೆದುಕೊಳ್ಳುತ್ತದೆ. ಇದು ಒಣ ಸಮತಟ್ಟು ರಸ್ತೆಯ ಮಾತು. ಗುಣಾಂಕ 0.4 ಇರುವ ಒದ್ದೆ ರಸ್ತೆ, ಇಪ್ಪತ್ತಕ್ಕೊಂದರ ಇಳಿಜಾರು ಎಂದರೆ ಇವು 18 ಮೀಟರ್ ಮತ್ತು 50 ಮೀಟರಿಗೂ ಹೆಚ್ಚು! ಕಣ್ಣು ಕಂಡದ್ದನ್ನು ಕಾಲು ಪಾಲಿಸುವ ಮೊದಲೇ ಕಳೆಯುವ ಒಂದು ಸೆಕೆಂಡಿನ 11 ಮೀಟರ್ ಇದರಲ್ಲಿ ಸೇರಿಲ್ಲ. ಎಂಜಿನ್ ಬ್ರೇಕನ್ನು ನಂಬೋಣವೆಂದರೆ ಅದೂ ಹಿಂದಿನ ಚಕ್ರದ ಮೂಲಕವೇ ದುಡಿಯಬೇಕು. ಎರಡು-ಹೊಡೆತದ ಎಂಜಿನ್ನಿನಲ್ಲಿ ಅದು ಇರುವುದೂ ಕಡಿಮೆ.

ಪಲ್ಟಿಯ ಭಯ ಪೂರ್ತಿ ಆಧಾರವಿಲ್ಲದ್ದಲ್ಲ. ಮೇಲಿನ ಅಳತೆಗಳಲ್ಲಿ ವೇಗಕುಂದು ಗುರುತ್ವ ವೇಗೋತ್ಕರ್ಷಕ್ಕೆ ಸಮನಾದಾಗ ಹಿಂದಿನ ಚಕ್ರ ನೆಲ ಬಿಡುತ್ತದೆ. ಒದ್ದೆ ಡಾಂಬರಿನ ಮೇಲೆ ಅಷ್ಟು ಘರ್ಷಣೆ ಸಿಗುವುದೇ ಇಲ್ಲ. ಅಲ್ಲಿನ ಅಪಾಯ ಬೇರೆ: ಮುಂದಿನ ಚಕ್ರ ಕಟ್ಟಿಕೊಂಡು ಜಾರುವುದು. ಅದಕ್ಕೇ ಲಿವರನ್ನು ಒಮ್ಮೆಲೇ ಹಿಡಿಯದೆ ಕ್ರಮವಾಗಿ ಒತ್ತಬೇಕು, ತಿರುವಿಗೆ ಮೊದಲೇ, ಬೈಕು ನೇರವಾಗಿರುವಾಗಲೇ ಒತ್ತಬೇಕು. ಕಾರಿನಲ್ಲಿ ಈ ಹಂಚಿಕೆಯ ಜಾಣ್ಮೆ ಒಂದೇ ಪೆಡಲಿನ ಹಿಂದೆ ಅಡಗಿದೆ. ಬೈಕಿನಲ್ಲಿ ಅದು ಸವಾರನ ಬೆರಳು ಮತ್ತು ಪಾದಗಳಲ್ಲಿರಬೇಕು. 125 ಸಿ.ಸಿ. ಮೀರಿದ ಬೈಕುಗಳಿಗೆ ಚಕ್ರ ಕಟ್ಟದಂತೆ ತಡೆಯುವ ಎಬಿಎಸ್ ವ್ಯವಸ್ಥೆಯನ್ನೂ, ಅದಕ್ಕಿಂತ ಚಿಕ್ಕವಕ್ಕೆ ಎರಡೂ ಬ್ರೇಕು ಒಟ್ಟಿಗೆ ಹಿಡಿಯುವ ಜೋಡಣೆಯನ್ನಾದರೂ ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಕಡ್ಡಾಯ ಮಾಡಿದ್ದು ಈ ಕಾರಣಕ್ಕೆ. ಅಣ್ಣನ ಹಳೆಯ ಬೈಕಿನಲ್ಲಿ ಎರಡೂ ಇಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ಶೇ. 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು.

ನಮ್ಮ ಪಠ್ಯಗಳಲ್ಲಿ ಬ್ರೇಕಿನ ಸಮಸ್ಯೆ ಬರುವುದು ‘ಒಂದು ವಾಹನ ಏಕರೀತಿಯ ವೇಗಕುಂದಿನಿಂದ…’ ಎಂದು. ವಾಹನ ಅಲ್ಲಿ ಒಂದು ಬಿಂದು. ಬಿಂದುವಿಗೆ ಮುಂದಿನ ಚಕ್ರವೂ ಇಲ್ಲ, ಹಿಂದಿನದೂ ಇಲ್ಲ. ಎತ್ತರವೇ ಇಲ್ಲದ್ದಕ್ಕೆ ಪಲ್ಟಿಯ ಪ್ರಶ್ನೆಯೂ ಏಳದು. ಮೂವತ್ತು ವರ್ಷ ನಾನೂ ಬಿಂದುವನ್ನೇ ಬೋಧಿಸಿದ್ದೇನೆ.

ನೀವು ಉಪಾಧ್ಯಾಯರಾಗಿದ್ದರೆ ಹೀಗೆ ಮಾಡಿ. ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯಿರಿ. ಹೆಲ್ಮೆಟ್ ತೊಟ್ಟ ವಿದ್ಯಾರ್ಥಿಯೊಬ್ಬ ಸೈಕಲ್ಲಿನಲ್ಲಿ ಗಂಟೆಗೆ 15 ಕಿ.ಮೀ. ವೇಗದಲ್ಲಿ, ಎಂದರೆ 10 ಮೀಟರನ್ನು 2.4 ಸೆಕೆಂಡಿನಲ್ಲಿ ದಾಟುವಂತೆ ಬರಲಿ. ಗೆರೆಯ ಬಳಿ ಮೊದಲು ಹಿಂದಿನ ಬ್ರೇಕ್ ಮಾತ್ರ ಹಿಡಿಯಲಿ. ಮರುಸಲ ಎರಡನ್ನೂ, ಮುಂದಿನದನ್ನು ಮೆಲ್ಲಗೆ ಬಿಗಿಗೊಳಿಸುತ್ತ. ಟೇಪು ಹಿಡಿದು ಅಳೆಯಿರಿ. ಮೊದಲ ಸಲ ಸುಮಾರು 3 ಮೀಟರ್, ಮರುಸಲ 2 ಮೀಟರಿನ ಆಸುಪಾಸು ಬಂದೀತು. ಅದೇ ಹುಡುಗ ಮರುವರ್ಷ ತನ್ನ ಪಟ್ಟಿಗೆ ಎರಡು ಅಂಕಣ ಸೇರಿಸಿ ತಂದಿದ್ದ: ‘ಸವಾರನ ಸಮೇತ’ ಮತ್ತು ‘ನಿಲ್ಲಲು’. ಕೆಂಪು ಶಾಯಿಯ ತೀರ್ಪಿನ ಜಾಗದಲ್ಲಿ ಅಣ್ಣನ ಎಕ್ಸ್-ರೇ ಹಾಳೆ ಅಂಟಿಸಿದ್ದ.