ಆನೆ ಕಾಸು ಮತ್ತು ಎರಡು ಲಿಪಿಗಳ ಓದು

ಕಬ್ಬಾಳಿನ ಕಡೆ ಹಳೆಯ ತಾಮ್ರದ ಕಾಸೊಂದು ಸಿಕ್ಕಿ, ಅದರ ಮೇಲೆ ಆನೆಯಿದ್ದರೆ ಟಿಪ್ಪುವಿನದೇ ಎಂದುಬಿಡುವುದು ಸುಲಭ. ಬೆಟ್ಟದ ಮೇಲೆ ಕೋಟೆಯಿದೆ. ಅದು ಮೈಸೂರು ಅರಸರಿಗೂ ಹೈದರ್-ಟಿಪ್ಪುವಿಗೂ ಸೆರೆಮನೆಯಾಗಿತ್ತು. ಊಹೆಗೆ ಇಷ್ಟು ಸಾಕು. ಆಮೇಲೆ ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳ ಶುರುವಾಗುತ್ತದೆ. ಕಾಸನ್ನು ಓದುವವರು ಮಾತ್ರ ಇರುವುದಿಲ್ಲ.

ಓದಲು ನೆರವಾಗುವ ಪುಸ್ತಕಗಳಿಗೆ ಕೊರತೆಯಿಲ್ಲ. ಮದ್ರಾಸ್ ಮ್ಯೂಸಿಯಂನ ಮುಖ್ಯಸ್ಥರಾಗಿದ್ದ ಜೆ.ಆರ್. ಹೆಂಡರ್ಸನ್ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ನಾಣ್ಯಗಳ ಬಗ್ಗೆ ಬರೆದ ಗ್ರಂಥ 1921ರಲ್ಲಿ ಬಂತು. ಅವರು ಮೂಲತಃ ಪ್ರಾಣಿಶಾಸ್ತ್ರಜ್ಞರು. ಜೀವಿಗಳನ್ನು ವಿಂಗಡಿಸಿದ ಅದೇ ತಾಳ್ಮೆಯಿಂದ ನಾಣ್ಯಗಳನ್ನೂ ವಿಂಗಡಿಸಿದರು. ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಕುರಿತು ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1975ರದು. ಅಮೆರಿಕದ ಕ್ರೌಸ್ ಸಂಸ್ಥೆ ದಶಕಗಳ ಕಾಲ ಹೊರತಂದ ದಪ್ಪ ಕ್ಯಾಟಲಾಗುಗಳೂ ಇವೆ. ಇವುಗಳಲ್ಲಿ ಬೆಲೆಯ ಪಟ್ಟಿ ಇರುವುದರಿಂದ ನಮ್ಮ ಹುಡುಗರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಗುರುತು ಹಿಡಿಯುವ ಮೊದಲೇ ಬೆಲೆ ಕಟ್ಟಿದರೆ ಗುರುತು ತಪ್ಪುತ್ತದೆ.

ಚಿತ್ರವನ್ನು ಚಿತ್ರಕ್ಕೆ ಹೋಲಿಸಿ ನೋಡುವುದು ಮೊದಲ ಹೆಜ್ಜೆ ಮಾತ್ರ. ಆನೆ ಹೈದರನ ಕೊನೆಗಾಲದ ಕಾಸಿನಲ್ಲಿದೆ, ಟಿಪ್ಪುವಿನದರಲ್ಲಿದೆ, ಮುಮ್ಮಡಿ ಕೃಷ್ಣರಾಜ ಒಡೆಯರದರಲ್ಲೂ ಇದೆ. ಕಾಸನ್ನು ತಿರುಗಿಸಿ ನೋಡಬೇಕು. ಹಿಂದೆ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದಿದ್ದರೆ ಅದು ಒಡೆಯರದು. ಫಾರ್ಸಿಯಲ್ಲಿ ‘ಜರ್ಬ್’ ಎಂದಿದ್ದು, ಜೊತೆಗೆ ‘ಪಟನ್’ ಎಂದಿದ್ದರೆ ಅದು ಶ್ರೀರಂಗಪಟ್ಟಣದ ಟಂಕಸಾಲೆಯದು. ಚನ್ನಪಟ್ಟಣದವರು ನಮ್ಮೂರಿನದೆಂದು ಹಿಗ್ಗಬೇಕಾಗಿಲ್ಲ. ‘ಫರ್ರುಖ್‌ಯಾಬ್ ಹಿಸಾರ್’ ಎಂದರೆ ಚಿತ್ರದುರ್ಗ, ‘ನಗರ್’ ಎಂದರೆ ಬಿದನೂರು.

ಇಸವಿಯ ತೊಡಕು ಇನ್ನೂ ದೊಡ್ಡದು. 1787ರಿಂದ ಟಿಪ್ಪು ಹಿಜರಿಯನ್ನು ಬಿಟ್ಟು ಮೌಲೂದಿ ಶಕೆಯನ್ನು ನಾಣ್ಯಕ್ಕೆ ತಂದ; ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಉರ್ದುವಿನಲ್ಲಿ ಅಕ್ಷರಗಳು ಬಲದಿಂದ ಎಡಕ್ಕೆ ಹೋದರೂ ಅಂಕಿಗಳು ಎಡದಿಂದಲೇ ಸಾಗುತ್ತವೆ. ಆದ್ದರಿಂದ 1215 ಎಂಬುದು ಉರ್ದು ಬಲ್ಲವರಿಗೂ 5121 ಎಂದೇ ಕಾಣುತ್ತದೆ. 1221 ಯಾವ ಕಡೆಯಿಂದ ಓದಿದರೂ 1221. ಆದರೆ ಅದನ್ನು ಹಿಜರಿ ಎಂದುಕೊಂಡರೆ ಕ್ರಿ.ಶ. 1806 ಬರುತ್ತದೆ. ಟಿಪ್ಪು ಸತ್ತದ್ದು 1799ರಲ್ಲಿ! ಮೌಲೂದಿ ಎಂದು ಲೆಕ್ಕ ಹಾಕಿದರೆ ಸಿಗುವುದು 1793. ಹೆಂಡರ್ಸನ್ ಗ್ರಂಥ ಈ ಗಂಟನ್ನು ಬಿಡಿಸಿಕೊಡುತ್ತದೆ. ಅದಕ್ಕಾಗಿ ಅವರಿಗೆ ನಾವು ಋಣಿಗಳು.

ಆದರೂ ಒಂದು ತಕರಾರಿದೆ. ಇಂಥ ಗ್ರಂಥಗಳು ಸಂಗ್ರಹಕಾರನನ್ನು ಎದುರಿಗಿಟ್ಟುಕೊಂಡು ಹುಟ್ಟಿದವು. ಕಾಸನ್ನು ಬಳಸಿದ ಜನರ ನುಡಿ ಅವುಗಳಲ್ಲಿ ಪಟ್ಟಿಯ ಸಾಲಾಗಿ ಉಳಿಯುತ್ತದೆ. ‘ಜೊಹ್ರಾ’ ಟಿಪ್ಪುವಿನ ಪೈಸೆಯ ಹೆಸರು. ಅದು ಶುಕ್ರಗ್ರಹ. ಎರಡು ಪೈಸೆ ‘ಮುಷ್ತರಿ’, ಅಂದರೆ ಗುರು. ಅರ್ಧ ಪೈಸೆ ‘ಬಹ್ರಾಮ್’, ಅಂದರೆ ಮಂಗಳ. ಸಂತೆಯ ಚಿಲ್ಲರೆಗೆ ಆಕಾಶದ ಹೆಸರುಗಳು! ಪ್ರವಾದಿಯವರ ಹುಟ್ಟಿನಿಂದ ಎಣಿಸುವ ಮೌಲೂದಿ ಶಕೆ ನಡೆದದ್ದು ಇಲ್ಲಿಯ ಪಂಚಾಂಗದ ಅರವತ್ತು ಸಂವತ್ಸರಗಳ ಲೆಕ್ಕದ ಮೇಲೆ. ಹೈದರನ ಚಿನ್ನದ ಹೊನ್ನಿನ ಒಂದು ಮುಖದಲ್ಲಿ ಶಿವಪಾರ್ವತಿಯರು, ಇನ್ನೊಂದರಲ್ಲಿ ಅವನ ಹೆಸರಿನ ಮೊದಲ ಅಕ್ಷರ ‘ಹೇ’. ಬಿದನೂರನ್ನು ಗೆದ್ದವನು ಅಲ್ಲಿಯ ನಾಣ್ಯದ ಚಿತ್ರವನ್ನು ಹಾಗೆಯೇ ಉಳಿಸಿಕೊಂಡ. ಇದಕ್ಕೆ ಉದಾರತೆ ಕಾರಣವೋ ವ್ಯಾಪಾರದ ಜಾಣತನವೋ, ಚರ್ಚೆಯಾಗಲಿ. ಆದರೆ ಚರ್ಚೆ ನಾಣ್ಯವನ್ನು ಓದಿದ ಮೇಲೆ ನಡೆಯಲಿ.

ಇಲ್ಲಿ ನಮ್ಮ ಹೊಣೆಯೂ ಇದೆ. ಬೆಳಿಗ್ಗೆ ಮದರಸಾದಲ್ಲಿ ಅಲಿಫ್ ಬೇ, ಹಗಲು ಶಾಲೆಯಲ್ಲಿ ಅ ಆ ಇ ಈ ಕಲಿತ ತಲೆಮಾರು ನಮ್ಮದು. ಒಡೆಯರ ಸಿಂಹದ ಕಾಸಿನ ಮೇಲೆ ಕನ್ನಡ, ಫಾರ್ಸಿ, ಇಂಗ್ಲಿಷ್ ಮೂರೂ ಒಟ್ಟಿಗಿವೆ. ಅದರ ಕನ್ನಡವನ್ನೂ ಫಾರ್ಸಿಯನ್ನೂ ಯಾರ ನೆರವಿಲ್ಲದೆ ಓದಬಲ್ಲವರು ನಾವು. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಗೆ ಇಂಗ್ಲಿಷ್ ಮಾತ್ರ ಓದಲು ಬರುತ್ತದೆ. ಎರಡೂ ಲಿಪಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಅಂಕಿ, ಊರು, ನಾಣ್ಯದ ಹೆಸರುಗಳನ್ನು ಬಿಡಿಸಿ ಹೇಳುವ, ಬೆಲೆಪಟ್ಟಿಯಿಲ್ಲದ ಸಣ್ಣ ಕನ್ನಡ ಕೈಪಿಡಿಯೊಂದು ಹಳ್ಳಿಯ ಶಾಲೆಗಳಿಗೆ ಬೇಕು. ಅದನ್ನು ಬರೆಯಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ತಡಮಾಡಿದರೆ ಕಾಸುಗಳು ಉಳಿಯುತ್ತವೆ, ಓದುವವರು ಉಳಿಯುವುದಿಲ್ಲ.