ರಾಮಪುರದ ಎತ್ತಿನ ಮನೆ: ಮಾನವಶಾಸ್ತ್ರದ ಒಂದು ಪಠ್ಯವನ್ನು ಕುರಿತು

ಸಮಾಜ, ಸಂಸ್ಕೃತಿ, ಅಸ್ಮಿತೆಗಳನ್ನು ಬೋಧಿಸುವ ವಿಶ್ವವಿದ್ಯಾಲಯದ ತರಗತಿಗಳಲ್ಲಿ ಎಂ. ಎನ್. ಶ್ರೀನಿವಾಸರ ‘ದಿ ರಿಮೆಂಬರ್ಡ್ ವಿಲೇಜ್’ (1976) ಇಂದಿಗೂ ಪಠ್ಯವಾಗಿದೆ. ದೈವಶಾಸ್ತ್ರದ ವಿದ್ಯಾರ್ಥಿಗಳೂ ಅದನ್ನು ಓದಬೇಕೆಂಬುದು ನಮ್ಮ ಅಭಿಪ್ರಾಯ; ಹೇಗೆ ಓದಬೇಕೆಂಬುದರಲ್ಲಿ ಮಾತ್ರ ನಮಗೆ ತಕರಾರಿದೆ.

ಗ್ರಂಥದ ಹುಟ್ಟು ಪ್ರಸಿದ್ಧವಾದದ್ದು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ, ಗ್ರಂಥದಲ್ಲಿ ಅದರ ಹೆಸರು ರಾಮಪುರ, ನಡೆಸಿದ ಕ್ಷೇತ್ರಕಾರ್ಯದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ತುತ್ತಾದವು. ಲೇಖಕರು ನೆನಪನ್ನು ಆಶ್ರಯಿಸಿ ಬರೆದರು. ಅಧ್ಯಾಪಕರು ಈ ಕಥೆಯನ್ನು ಸ್ವಾರಸ್ಯವಾಗಿ ಹೇಳಿ, ‘ಪ್ರಬಲ ಜಾತಿ’, ‘ಸಂಸ್ಕೃತೀಕರಣ’ ಎಂಬ ಪದಗಳನ್ನು ಪರೀಕ್ಷೆಗೆ ಸಿದ್ಧಪಡಿಸಿ ಮುಗಿಸುವುದುಂಟು. ನಮಗೆ ಹೆಚ್ಚು ಮುಖ್ಯವೆನಿಸುವುದು ಅವರ ಬಿಡಾರ. ಅವರು ಇಳಿದುಕೊಂಡದ್ದು ಒಕ್ಕಲಿಗ ಮುಖಂಡರಿಗೆ ಸೇರಿದ ಎತ್ತಿನ ಮನೆಯಲ್ಲಿ. ಆಕ್ಸ್‌ಫರ್ಡಿನಿಂದ ಬಂದ ವಿದ್ವಾಂಸರನ್ನು ಹಳ್ಳಿಯು ಬ್ರಾಹ್ಮಣರೆಂದೇ ಗುರುತಿಸಿತು. ಸ್ನಾನವಾದ ಮೇಲೆ ಕ್ಷೌರ ಮಾಡಿಕೊಂಡದ್ದಕ್ಕೂ ಆಕ್ಷೇಪಣೆ ಬಂತು. ಅಸ್ಪೃಶ್ಯರ ಕೇರಿಯೊಡನೆ ತಮ್ಮ ಒಡನಾಟ ಕಡಿಮೆಯೆಂದೂ, ತಮ್ಮ ಚಿತ್ರಣವು ಮೇಲ್ಜಾತಿಯ ನೋಟದ್ದೆಂದೂ ಅವರೇ ಒಪ್ಪಿಕೊಳ್ಳುತ್ತಾರೆ.

ಈ ಪ್ರಾಮಾಣಿಕತೆ ದೊಡ್ಡದು. ಆದರೂ ಒಪ್ಪಿಕೊಂಡ ಮಾತ್ರಕ್ಕೆ ಕೊರತೆ ತುಂಬುವುದಿಲ್ಲ. ಮುಖಂಡರ ಕೋಪ, ಔದಾರ್ಯ, ಲೆಕ್ಕಾಚಾರಗಳೆಲ್ಲ ಕಣ್ಣಿಗೆ ಕಟ್ಟುವಂತಿವೆ. ಜೀತದಾಳಿನ ಮನಸ್ಸು ನಮಗೆ ದೊರೆಯುವುದೇ ಇಲ್ಲ. ‘ಸಂಸ್ಕೃತೀಕರಣ’ದ ದೃಷ್ಟಿಯೂ ಮೇಲ್ಮುಖವಾದದ್ದೇ. ಕೇರಿಯಿಂದ ಸಭೆಗೆ ಬಂದ ನಮ್ಮ ಹಿರಿಯರ ನಡೆಯನ್ನು ಅದು ವಿವರಿಸಲಾರದು. ಅವರು ಮೇಲಿನವರ ಆಚಾರವನ್ನು ಅನುಕರಿಸಿ ಏರಹೊರಟವರಲ್ಲ, ಬೇರೊಂದು ಪಂಕ್ತಿಯನ್ನು ಅರಸಿದವರು. (ಅಲ್ಲಿಯೂ ಕೆಲವೆಡೆ ಅವರಿಗೆ ಪ್ರತ್ಯೇಕ ಬೆಂಚೇ ದೊರೆಯಿತೆಂಬುದನ್ನು ನಾವು ಮುಚ್ಚಿಡಲಾಗದು.)

ಶ್ರೀನಿವಾಸರ ಗುರು ರ‍್ಯಾಡ್‌ಕ್ಲಿಫ್-ಬ್ರೌನರ ಪ್ರಭಾವ ಎದ್ದುಕಾಣುವುದು ಕೊಡವರ ಧರ್ಮವನ್ನು ಕುರಿತ 1952ರ ಗ್ರಂಥದಲ್ಲಿ. ಧರ್ಮವು ಸಮಾಜವನ್ನು ಹೇಗೆ ಬಂಧಿಸುತ್ತದೆಂದು ಅದು ತೋರಿಸುತ್ತದೆ. ಧರ್ಮ ಹೇಳುವುದು ಸತ್ಯವೇ ಎಂಬ ಪ್ರಶ್ನೆ ಅದರ ಪರಿಧಿಗೆ ಸೇರದು. ಇದರಿಂದ ನಮ್ಮ ವಿದ್ಯಾರ್ಥಿಗಳು ಹೆದರಬೇಕಾದ್ದಿಲ್ಲ. ಆಚರಣೆಯು ಯಾರನ್ನು ಕೂಡಿಸುತ್ತದೆ, ಯಾರನ್ನು ಹೊರಗಿಡುತ್ತದೆ ಎಂದು ಕೇಳದೆ ಕರ್ತನ ಭೋಜನವನ್ನು ಬೋಧಿಸುವುದು ಸಾಧ್ಯವೆ? ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ ಪಂಕ್ತಿಯಿಂದ ಹಿಂಜರಿದಾಗ ಪೌಲನು ಮುಖಾಮುಖಿ ಎದುರಿಸಿದ್ದು ಈ ಪ್ರಶ್ನೆಯನ್ನೇ.

ಗ್ರಾಮಸೇವೆಗೆ ಹೋಗಿ ಬರುವ ವಿದ್ಯಾರ್ಥಿಗಳ ವರದಿಗಳಲ್ಲಿ ಜನಸಂಖ್ಯೆ, ಕಸುಬು, ಹಬ್ಬಗಳ ಪಟ್ಟಿ ತಪ್ಪದೆ ಇರುತ್ತದೆ. ತಾವು ಯಾರ ಮನೆಯಲ್ಲಿ ಇಳಿದುಕೊಂಡೆವು, ಎಲ್ಲಿ ಉಂಡೆವು, ಯಾವ ಮನೆಯಲ್ಲಿ ನೀರು ಮುಟ್ಟದೆ ಎದ್ದುಬಂದೆವು ಎಂಬುದನ್ನು ಮೊದಲ ಪುಟದಲ್ಲಿಯೇ ಬರೆಯಿಸಬೇಕೆಂದು ಬೋಧಕರನ್ನು ಕೋರುತ್ತೇವೆ.